ಉಪ್ಪು ನೋಡದ ಸಾರು

ಕುಶಲಾಳ ನಾಲಿಗೆಯ ಬಗ್ಗೆ ಉರ್ವದ ಆ ಓಣಿಯಲ್ಲಿ ಎರಡು ಮಾತಿರಲಿಲ್ಲ. ಇಪ್ಪತ್ತು ವರ್ಷಗಳಿಂದ ಮನೆಯಲ್ಲೇ ಮೆಣಸು, ಕೊತ್ತಂಬರಿ ಹುರಿದು ಮಸಾಲೆ ಪುಡಿ ಮಾಡಿ ಮಾರಿದವಳು ಅವಳು. ಯಾರ ಮನೆಯ ಸಾರನ್ನಾದರೂ ಬೆರಳ ತುದಿಯಲ್ಲಿ ಒಂದು ತೊಟ್ಟು ಮುಟ್ಟಿಸಿಕೊಂಡು, "ಮೆಂತೆ ಸ್ವಲ್ಪ ಹೆಚ್ಚು ಹುರಿದಿದ್ದೀರಿ" ಎಂದು ಮುಖಕ್ಕೆ ಹೇಳಿಬಿಡುತ್ತಿದ್ದಳು. ಹೇಳಿದ್ದು ಸರಿಯೇ ಇರುತ್ತಿತ್ತು, ಅದೇ ಕೇಳಿದವರಿಗೆ ಇನ್ನಷ್ಟು ಕಿರಿಕಿರಿ. ಅಂಥ ಹೆಂಗಸಿಗೆ ಒಂದು ತಿಂಗಳು ಪೂರ್ತಿ ಬೇರೆಯವರ ಮನೆಯ ಸಾರಿನಲ್ಲಿ ಅನ್ನ ಕಲಸಿಕೊಳ್ಳಬೇಕಾಗಿ ಬಂತೆಂದರೆ ಅವಳ ಮೇಲೆ ಎಂಥ ಕಷ್ಟ ಬಿದ್ದಿರಬೇಕು ನೋಡಿ.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳ ಗಂಡ ಗುರುವಪ್ಪ ಡ್ಯೂಟಿಗೆ ಹೊರಡಲು ಖಾಕಿ ಅಂಗಿಯ ಗುಂಡಿ ಹಾಕುತ್ತಿದ್ದರು. ಇಪ್ಪತ್ತೆಂಟು ವರ್ಷ ಸಿಟಿ ಬಸ್ಸಿನ ಸ್ಟೇರಿಂಗ್ ತಿರುಗಿಸಿದ ಕೈ ಅದು. ಮೂರನೇ ಗುಂಡಿಗೆ ಬಂದಾಗ ಬಲಗೈ ಸತ್ತ ಹಾಗೆ ಕೆಳಗೆ ಜಾರಿತು, ಬಾಯಿ ಒಂದು ಬದಿಗೆ ವಾಲಿತು, ಆರಡಿಯ ಮನುಷ್ಯ ಅಡುಗೆಕೋಣೆಯ ಬಾಗಿಲಲ್ಲೇ ಕುಸಿದರು. ಒಬ್ಬನೇ ಮಗ ದೀಕ್ಷಿತ್ ಮಸ್ಕತ್ತಿನಲ್ಲಿ. ಹೊಸ ಕೆಲಸ, ಏಪ್ರಿಲ್ ಇಪ್ಪತ್ತೆರಡರವರೆಗೆ ರಜೆಯಿಲ್ಲ. ಕುಶಲಾ ಬೊಬ್ಬೆ ಹಾಕಿದ್ದು ಕೇಳಿ ಮೊದಲು ಬಂದವರು ಪಕ್ಕದ ಮನೆಯ ರೇಚಲ್ ಬಾಯಿ. ಗೇಟಿನ ದಾರಿ ಸುತ್ತಿ ಬರಲಿಲ್ಲ. ಅರವತ್ತೆರಡರ ಪ್ರಾಯದಲ್ಲಿ, ನೈಟಿಯಲ್ಲೇ, ಸೊಂಟದೆತ್ತರದ ಕಂಪೌಂಡು ಗೋಡೆ ಹಾರಿ ಬಂದರು.

ಆಮೇಲಿನದೆಲ್ಲ ಕುಶಲಾಳಿಗೆ ತುಂಡು ತುಂಡಾಗಿ ಮಾತ್ರ ನೆನಪು. ಓಣಿಯವರು ಮರ್ಯಾದೆಗೆ ಪೊರ್ಬುಗಳು ಎನ್ನುತ್ತಿದ್ದ ರುಡೊಲ್ಫರ ಕಾರು. ಫಳ್ನೀರಿನ ಆಸ್ಪತ್ರೆಯ ಬಿಳಿ ವರಾಂಡ. ರುಡೊಲ್ಫ್ ಆ ಓಣಿಯ ಕ್ರಿಶ್ಚನ್ ಮನೆಗಳಿಗೆ ಗುರ್ಕಾರ, ಎಂದರೆ ಇಗರ್ಜಿಯ ಕಡೆಯಿಂದ ಆ ಕೇರಿಯ ಯಜಮಾನಿಕೆ ನೋಡಿಕೊಳ್ಳುವವರು. ಬಂದರಿನ ಕೆಲಸದಿಂದ ರಿಟೈರ್ ಆಗಿ ಆರು ವರ್ಷವಾದರೂ ಮಾತು ಇನ್ನೂ ಹಡಗಿನವರನ್ನು ಕರೆಯುವ ಹಾಗೆ ಜೋರು. ಡಾಕ್ಟರು "ಜೀವಕ್ಕೆ ತೊಂದರೆಯಿಲ್ಲ, ಆದರೆ ಬಲಭಾಗ ನಿಧಾನಕ್ಕೆ ಬರಬೇಕು, ಮಾತು ಯಾವಾಗ ಬರುತ್ತದೋ ಹೇಳಲಾಗದು" ಎಂದಾಗ ಕುಶಲಾ ಕುರ್ಚಿಯಲ್ಲಿ ಕುಳಿತೇ ಇದ್ದಳು. ಅಳು ಬರಲಿಲ್ಲ. ಬಾಯಿಗೆ ಬಂದದ್ದು ಒಂದು ಹುಚ್ಚು ಮಾತು.

"ಮೀನಿಲ್ಲದಿದ್ರೆ ಇವರಿಗೆ ಒಂದು ತುತ್ತು ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ರೇಚಲ್ ಬಾಯಿ. ಇನ್ನು ಇವರಿಗೆ ಮುಳ್ಳು ತೆಗ್ದು ಕೊಡುವುದು ಯಾರು?"

ಒಂದೇ ಸಲ ಹೇಳಿದ್ದು. ರೇಚಲ್ ಕೇಳಿಸಿಕೊಂಡರು, ರುಡೊಲ್ಫ್ ಕೇಳಿಸಿಕೊಂಡರು.

ಮಾರ್ಚಿನ ಮೊದಲ ವಾರ, ಒಂದು ಬುಧವಾರ, ಗುರುವಪ್ಪರನ್ನು ಮನೆಗೆ ಕಳಿಸಿದರು. ಆಂಬುಲೆನ್ಸು ಬಂದು ನಿಲ್ಲುವಾಗ ರೇಚಲ್ ಇಗರ್ಜಿಯಿಂದ ನೇರ ಅಲ್ಲಿಗೇ ಬಂದಿದ್ದರು. ಹಣೆಯ ಮೇಲೆ ಬೂದಿ ಹತ್ತಿತ್ತು. ಹದಿನೈದು ದಿನ ನಿದ್ದೆಗೆಟ್ಟ ಕುಶಲಾಳ ಕಣ್ಣಿಗೆ ಅದು ಒಲೆಯ ಬೂದಿಯಂತೆ ಕಂಡಿತು.

"ಅಡುಗೆ ಅರ್ಧದಲ್ಲಿ ಬಿಟ್ಟು ಓಡಿ ಬಂದ್ರಾ?" ಎನ್ನುತ್ತಾ ಅವಳು ತನ್ನ ಸೆರಗಿನಿಂದ ಅದನ್ನು ಒರೆಸಿಯೇಬಿಟ್ಟಳು. ರೇಚಲರ ಕೈ ಹಣೆಯವರೆಗೆ ಹೋಗಿ ಕೆಳಗಿಳಿಯಿತು. ಆಮೇಲೆ, "ಬನ್ನಿ, ಬನ್ನಿ, ತಲೆದಿಂಬು ಎಲ್ಲಿ ಉಂಟು ಹೇಳಿ" ಎಂದು ಒಳಗೆ ಹೋದರು.

ಅಂದಿನಿಂದ ಶುರುವಾಯಿತು. ಓಣಿಯ ಹನ್ನೊಂದು ಕ್ರಿಶ್ಚನ್ ಮನೆಗಳಿಗೆ ರುಡೊಲ್ಫ್ ಸರದಿ ಹಾಕಿದರು. ದಿನಕ್ಕೊಂದು ಮನೆಯಿಂದ ಮಧ್ಯಾಹ್ನ ಹನ್ನೆರಡೂವರೆಗೆ ಸರಿಯಾಗಿ ಮುಚ್ಚಿದ ಪಾತ್ರೆ ಬರುತ್ತಿತ್ತು. ಬೆಳಿಗ್ಗೆ ರುಡೊಲ್ಫ್ ಸ್ವತಃ ಉರ್ವ ಮಾರ್ಕೆಟಿಗೆ ಹೋಗಿ ಮೀನು ಆರಿಸಿ ಆ ದಿನದ ಮನೆಗೆ ಕೊಟ್ಟು ಬರುತ್ತಿದ್ದರಂತೆ. ಕಾಣೆ, ನಂಗ್, ಒಳ್ಳೆಯದು ಸಿಕ್ಕಿದರೆ ಬಂಗುಡೆ. ಊಟದ ಹೊತ್ತಿಗೆ ರೇಚಲ್ ಬಂದು ಮಂಚದ ಹತ್ತಿರ ಕುಳಿತು ಮೀನಿನ ಮುಳ್ಳನ್ನು ಒಂದೊಂದಾಗಿ ಬೆರಳಲ್ಲಿ ಬಿಡಿಸಿ ಅನ್ನಕ್ಕೆ ಕಲಸಿ ಕೊಡುತ್ತಿದ್ದರು. ಇಪ್ಪತ್ತು ವರ್ಷ ಇಗರ್ಜಿಯ ಹೊಲಿಗೆ ಕ್ಲಾಸಿನಲ್ಲಿ ಸೂಜಿಗೆ ನೂಲು ಪೋಣಿಸಿದ ಬೆರಳುಗಳು ಅವು, ಒಂದು ಮುಳ್ಳು ತಪ್ಪಿದ್ದಿಲ್ಲ. ಗುರುವಪ್ಪ ಎಡಗೈಯಿಂದ ತಟ್ಟೆಯ ಅರ್ಧ ಮೀನನ್ನು ಅವರ ಕಡೆಗೆ ತಳ್ಳುತ್ತಿದ್ದರು. "ನನಗೆ ಬೇಡ ಅಣ್ಣ, ನೀವು ತಿನ್ನಿ" ಎಂದು ರೇಚಲ್ ಕೈ ತೊಳೆಯಲು ಏಳುತ್ತಿದ್ದರು. ಇದನ್ನು ಗುರುವಪ್ಪ ದಿನಾ ನೋಡುತ್ತಿದ್ದರು. ಆ ಹೊತ್ತಿಗೆ ಕುಶಲಾ ಹಿತ್ತಲಲ್ಲಿ ಹೊದಿಕೆ ಒಗೆಯುತ್ತಿರುತ್ತಿದ್ದಳು.

ಕುಶಲಾಳ ಮನಸ್ಸು ಮಾತ್ರ ಒಳಗೊಳಗೇ ಬೇಯುತ್ತಿತ್ತು. ಅವಳು ಕೊಟ್ಟು ಗೊತ್ತಿದ್ದವಳು, ಪಡೆದು ಗೊತ್ತಿದ್ದವಳಲ್ಲ. ಪ್ರತಿ ಪಾತ್ರೆಯ ಮುಚ್ಚಳ ತೆಗೆಯುವಾಗಲೂ ಸಣ್ಣದಾದ ಹಾಗೆ ಅನಿಸುತ್ತಿತ್ತು. ಅದಕ್ಕೆ ಸರಿಯಾಗಿ ಆ ಸಾರುಗಳು! ಒಂದು ದಿನ ಉಪ್ಪು ಬಾಯಿಗಿಡಲಾಗದಷ್ಟು, ಮರುದಿನ ಉಪ್ಪೇ ಇಲ್ಲ. ಒಂದು ಮನೆಯದ್ದಾದರೆ ಕೈ ತಪ್ಪಿರಬಹುದು ಎನ್ನೋಣ. ಹನ್ನೊಂದು ಮನೆಯದ್ದೂ ಹೀಗೇ. ಇವರ ಮನೆಗಳಲ್ಲಿ ಎಷ್ಟು ಹಬ್ಬಕ್ಕೆ ಉಂಡಿದ್ದಾಳೆ ಅವಳು, ಒಳ್ಳೆ ಅಡುಗೆಯವರೇ. ಈಗ ಎಂತ ಆಯಿತು ಇವರಿಗೆಲ್ಲ? ಬೇರೆಯವರಿಗೆ ಕೊಡುವುದು ತಾನೇ ಎಂಬ ಉದಾಸೀನವೋ ಏನೋ ಎಂಬ ಕೆಟ್ಟ ಯೋಚನೆಯೂ ಒಂದು ಸಲ ತಲೆಗೆ ಬಂದು ಹೋಯಿತು.

ಮೂರನೇ ವಾರ ಅದು ಬಾಯಿಗೂ ಬಂತು. ಆ ದಿನ ಗುರುವಪ್ಪ ವ್ಯಾಯಾಮ ಮಾಡಿಸಲು ಬಂದ ಹುಡುಗಿಯ ಮುಂದೆ ಮಗುವಿನ ಹಾಗೆ ಅತ್ತಿದ್ದರು. ಕುಶಲಾಳಿಗೆ ತಲೆ ಸಿಡಿಯುತ್ತಿತ್ತು. ರೇಚಲ್ ಬಾಯಿಯ ಸರದಿ, ಕಾಣೆ ಸಾರು. ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿದಳು, ಸಪ್ಪೆಯೆಂದರೆ ಸಪ್ಪೆ.

"ಇಳಿಸುವ ಮೊದಲು ಒಂದು ಸಲ ಉಪ್ಪು ನೋಡಿ ಹಾಕ್ಬಾರ್ದಾ ಮಾರಾಯ್ರೇ! ಕಾಯಿಲೆಯವರು ತಿನ್ನುವುದಲ್ವಾ?"

ರೇಚಲರ ಮುಖ ಸಣ್ಣದಾಯಿತು. ಕೋಪ ಬಂದಿದ್ದರೆ ಚೆನ್ನಾಗಿತ್ತು. ಅವರು ಅಪರಾಧ ಮಾಡಿದವರ ಹಾಗೆ, "ಹೌದು ಕುಶಲಕ್ಕ. ನಾಳೆಯಿಂದ ನೋಡ್ತೇನೆ" ಎಂದು ಪಾತ್ರೆ ಎತ್ತಿಕೊಂಡು ಹೋದರು.

ಮರುದಿನದಿಂದ, ಆಶ್ಚರ್ಯವೆಂದರೆ, ಎಲ್ಲ ಮನೆಯ ಸಾರಿನಲ್ಲೂ ಉಪ್ಪು ತೂಕ ಮಾಡಿ ಹಾಕಿದಷ್ಟು ಸರಿಯಾಯಿತು. ಆದರೆ ಹೇಳಿದ ಮಾತು ಕುಶಲಾಳನ್ನು ಬಿಡಲಿಲ್ಲ. ಆಸ್ಪತ್ರೆಯ ಬೆಂಚಿನಲ್ಲಿ ತನ್ನ ತಲೆಯನ್ನು ತೊಡೆಯ ಮೇಲಿಟ್ಟು ಮಲಗಿಸಿದ ಹೆಂಗಸಿಗೆ ತಾನು ಉಪ್ಪಿನ ಲೆಕ್ಕ ಹೇಳಿದೆನಲ್ಲ ಎಂದು ಸಂಕಟವಾಗುತ್ತಿತ್ತು. ಹೋಗಿ ತಪ್ಪಾಯಿತು ಎನ್ನಲು ನಾಲಿಗೆ ಏಳಲಿಲ್ಲ. ಅವಳಿಗೆ ಬರುತ್ತಿದ್ದದ್ದು ಒಂದೇ ವಿದ್ಯೆ, ಅಡುಗೆ. ಇವರು ವಾಕರ್ ಹಿಡಿದು ಬಾಗಿಲವರೆಗೆ ನಡೆದ ದಿನ ಹನ್ನೊಂದು ಮನೆಯವರನ್ನೂ ಕೂರಿಸಿ ನನ್ನ ಕೈಯಾರೆ ಕೋಳಿ ರೊಟ್ಟಿ ಬಡಿಸುತ್ತೇನೆ ಎಂದು ದೇವರೆದುರು ಹೇಳಿಕೊಂಡಳು. ಅವರು ತನ್ನ ಅಂಗಳದಲ್ಲಿ ಹೊಟ್ಟೆ ತುಂಬ ಉಂಡು ಎದ್ದರೆ ಮಾತ್ರ ತಾನು ಮತ್ತೆ ಆ ಓಣಿಯಲ್ಲಿ ತಲೆಯೆತ್ತಿ ನಡೆಯಬಹುದು ಎಂದು ಅವಳಿಗೆ ಖಂಡಿತ ಅನಿಸಿತ್ತು.

ಏಪ್ರಿಲ್ ಒಂದರಂದು ಗುರುವಪ್ಪ ಬಾಗಿಲವರೆಗೆ ನಡೆದರು. ಕುಶಲಾ ಅಂದೇ ರುಡೊಲ್ಫರ ಮನೆಗೆ ಹೋದಳು.

"ಪ್ರತಿ ಶುಕ್ರವಾರ ಸಂಜೆ ನೀವೆಲ್ಲ ಒಟ್ಟಿಗೆ ಇಗರ್ಜಿಗೆ ಹೋಗಿ ಬರ್ತೀರಲ್ಲ ಪೊರ್ಬುಗಳೇ, ಈ ಸಲ ಬರುವಾಗ ಸೀದಾ ನಮ್ಮಲ್ಲಿಗೇ ಬನ್ನಿ. ಹರಕೆಯ ಊಟ. ಒಬ್ಬರೂ ತಪ್ಪಬಾರ್ದು."

"ನಿಮಗೆ ಈಗ ಇದೆಲ್ಲ ಯಾಕೆ ಕುಶಲಕ್ಕ?"

"ಬರುವುದಿಲ್ಲ ಹೇಳಿದ್ರೆ ನಾಳೆಯಿಂದ ನಿಮ್ಮ ಪಾತ್ರೆ ನಾನು ಮುಟ್ಟುವುದಿಲ್ಲ, ಆಯ್ತಾ?"

ರುಡೊಲ್ಫ್ ನಕ್ಕು ಒಪ್ಪಿಕೊಂಡರು.

ಈಗ ಓದುವವರಿಗೆ ಅನಿಸಬಹುದು, ಇಷ್ಟು ವರ್ಷ ಕ್ರಿಶ್ಚನರ ನಡುವೆ ಬದುಕಿದವಳಿಗೆ ಅದು ಅವರ ನಲವತ್ತು ದಿನದ ವ್ರತದ ಕಾಲ ಎಂದು ಗೊತ್ತಾಗಬಾರದೇ ಎಂದು. ಗೊತ್ತಿತ್ತು, ಚೆನ್ನಾಗಿಯೇ ಗೊತ್ತಿತ್ತು. ಈಸ್ಟರಿನ ಮುಂಚಿನ ಆ ದಿನಗಳಲ್ಲಿ ಈ ಓಣಿಯಲ್ಲಿ ಯಾರೂ ಮೀನು ಮಾಂಸ ಮುಟ್ಟುವುದಿಲ್ಲ, ಪ್ರತಿ ವರ್ಷ ಅವಳ ಕೋಳಿ ಪುಡಿಯ ವ್ಯಾಪಾರ ಅರ್ಧಕ್ಕೆ ಬೀಳುತ್ತಿದ್ದದ್ದು ಆಗಲೇ. ಆದರೆ ಈ ವರ್ಷ ಅವಳು ಹುರಿಯುವ ಬಾಣಲೆಯನ್ನು ಒಲೆಗಿಟ್ಟಿರಲೇ ಇಲ್ಲ. ದಿನಕ್ಕೆ ಎಷ್ಟು ಮಾತ್ರೆ, ಎಷ್ಟು ಹೊತ್ತಿಗೆ ಎನ್ನುವುದು ಬಿಟ್ಟರೆ ಅವಳ ತಲೆಯಲ್ಲಿ ತಿಂಗಳೂ ಇರಲಿಲ್ಲ, ವಾರವೂ ಇರಲಿಲ್ಲ. ಮೇಲಾಗಿ ದಿನಾ ಹನ್ನೆರಡೂವರೆಗೆ ಅವರ ಮನೆಗಳಿಂದಲೇ ಮೀನು ಸಾರು ಬರುತ್ತಿರುವಾಗ ವ್ರತದ ಯೋಚನೆ ಬರುವುದಾದರೂ ಹೇಗೆ?

ಶುಕ್ರವಾರ ಬೆಳಿಗ್ಗೆ ಐದಕ್ಕೇ ಎದ್ದಳು. ಏಳು ಕಿಲೋ ಊರಿನ ಕೋಳಿ. ತಿಂಗಳ ಮೇಲೆ ಮೊದಲ ಸಲ ಬಾಣಲೆಯಲ್ಲಿ ಮೆಣಸು ಹುರಿದಳು, ಕೊತ್ತಂಬರಿ ಹುರಿದಳು. ಎಂಟು ತೆಂಗಿನಕಾಯಿ ತುರಿದಳು. ಗರಿಗರಿ ಅಕ್ಕಿ ರೊಟ್ಟಿಯ ಪ್ಯಾಕೆಟ್ಟುಗಳನ್ನು ತಂದು ಗಂಡನ ಪಕ್ಕ ಮಂಚದ ಮೇಲಿಟ್ಟು, "ನೋಡಿ, ಇವತ್ತು ಎಲ್ಲರಿಗೂ ಕೋಳಿ ರೊಟ್ಟಿ!" ಎಂದಳು. ಅದೃಷ್ಟಕ್ಕೋ ದುರದೃಷ್ಟಕ್ಕೋ ರೇಚಲ್ ಬಾಯಿ ಆ ದಿನ ಬೆಳಿಗ್ಗೆಯೇ ಫಳ್ನೀರಿನ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದ ಚಿಕ್ಕಮ್ಮನನ್ನು ನೋಡಲು ಹೋಗಿದ್ದರು. ಅಲ್ಲಿಂದ ಸೀದಾ ಇಗರ್ಜಿಗೆ.

ಗುರುವಪ್ಪ ಮಾತ್ರ ರೊಟ್ಟಿಯ ಪ್ಯಾಕೆಟ್ಟನ್ನು ಎಡಗೈಯಿಂದ ದೂರ ತಳ್ಳಿದರು. ಅವಳು ಎತ್ತಿಟ್ಟರೆ ಮತ್ತೆ ತಳ್ಳಿದರು. ಗಂಟಲಿನಿಂದ ಏನೋ ಸ್ವರ. ಗೋಡೆಯ ಕ್ಯಾಲೆಂಡರಿನ ಕಡೆಗೆ ಕೈ ತೋರಿಸಿದರು, ಏಪ್ರಿಲ್ ಪುಟ. ಕಣ್ಣಲ್ಲಿ ನೀರು.

"ಗೊತ್ತುಂಟು, ಗೊತ್ತುಂಟು. ದೀಕ್ಷಿತ್ ಇಪ್ಪತ್ತೆರಡಕ್ಕೆ ಬರ್ತಾನೆ. ದಿನಾ ಎಷ್ಟು ಸಲ ಕೇಳುವುದು?"

ಗುರುವಪ್ಪ ತಲೆ ಅಲ್ಲಾಡಿಸಿದರು. ಮತ್ತೆ ಕ್ಯಾಲೆಂಡರ್, ಮತ್ತೆ ರೊಟ್ಟಿ. ಕುಶಲಾಳ ಸಹನೆ ಮುಗಿಯಿತು.

"ನಾಲ್ಕು ಜನರಿಗೆ ಊಟ ಹಾಕುವುದೂ ನಿಮಗೆ ಆಗುವುದಿಲ್ವಾ? ಅವರಿಲ್ಲದಿದ್ರೆ ನೀವು ಎಲ್ಲಿರ್ತಿದ್ರಿ ಹೇಳಿ!"

ಅವರು ಮುಖವನ್ನು ಗೋಡೆಗೆ ತಿರುಗಿಸಿಕೊಂಡರು.

ಸಂಜೆ ಏಳಕ್ಕೆ ಹದಿನೆಂಟು ಮಂದಿ ಬಂದರು. ಹೆಚ್ಚಿನವರು ಬಿಳಿ ಬಟ್ಟೆ, ಒಬ್ಬಿಬ್ಬರ ಕೈಯಲ್ಲಿ ಇನ್ನೂ ಜಪಸರ. ಅಂಗಳದಲ್ಲಿ ಬೆಂಚು, ಮೇಜು ಹಾಕಿಸಿದ್ದಳು. ಗುರುವಪ್ಪರನ್ನು ಬಾಗಿಲ ಬಳಿ ಕುರ್ಚಿಯಲ್ಲಿ ಕೂರಿಸಿದ್ದಳು. ಎಲೆಯ ಮೇಲೆ ರೊಟ್ಟಿ ಮುರಿದು ಹಾಕಿ, ಕೊಪ್ಪರಿಗೆ ಹಿಡಿದು ತಾನೇ ಒಬ್ಬೊಬ್ಬರಿಗೂ ಬಡಿಸಿದಳು. ಸಾರಿನ ಪರಿಮಳ ಓಣಿಯ ಕೊನೆಯವರೆಗೆ ಹೋಗುವಂತಿತ್ತು. ಆ ಒಂದು ತಿಂಗಳಲ್ಲಿ ಮೊದಲ ಸಲ ಅವಳ ಬೆನ್ನು ನೆಟ್ಟಗಾಗಿತ್ತು. ರುಡೊಲ್ಫ್ ಎದ್ದು ನಿಂತು ಪ್ರಾರ್ಥನೆ ಹೇಳಿದರು. ಅದರಲ್ಲಿ ಗುರುವಪ್ಪರ ಹೆಸರಿತ್ತು. ಎಲ್ಲರೂ ಕುಳಿತರು.

ಯಾರೂ ಎಲೆಗೆ ಕೈ ಹಾಕಲಿಲ್ಲ.

"ಎಂತ? ಶುರು ಮಾಡಿ. ಆರಿದ್ರೆ ರುಚಿ ಹೋಗ್ತದೆ" ಎಂದಳು ಕುಶಲಾ.

ಒಬ್ಬರು ಇನ್ನೊಬ್ಬರನ್ನು ನೋಡಿದರು, ಎಲ್ಲರೂ ರುಡೊಲ್ಫರನ್ನು ನೋಡಿದರು. ರೇಚಲ್ ತಲೆ ತಗ್ಗಿಸಿದ್ದರು. ಇಷ್ಟು ದಿನವೂ ಜೋರಾಗಿಯೇ ಮಾತಾಡಿದ ರುಡೊಲ್ಫ್ ಈಗ ತಮ್ಮವರ ಹತ್ತಿರ ಕೊಂಕಣಿಯಲ್ಲಿ ಮೆಲ್ಲಗೆ ಏನೋ ಹೇಳಿದರು. ಆಮೇಲೆ ಒಂದು ತುಂಡು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಕೈಗೆತ್ತಿಕೊಂಡರು. ಬಾಗಿಲ ಬಳಿಯಿಂದ ಗುರುವಪ್ಪ "ಆ! ಆ!" ಎಂದು ಎಡಗೈ ಬೀಸಿದರು.

ಅಷ್ಟರಲ್ಲಿ ಗೇಟು ತೆರೆಯಿತು. ಓಣಿಯ ಮೂಲೆಯಲ್ಲಿ ಜಿನಸಿನ ಅಂಗಡಿ ಇಟ್ಟಿರುವ ಗುಣಪಾಲ. ಅವನಿಗೂ ಊಟಕ್ಕೆ ಹೇಳಿಕೆಯಿತ್ತು, ಅಂಗಡಿ ಮುಚ್ಚಿ ಬರುವಾಗ ತಡವಾಗಿತ್ತು. ಎಲೆಗಳನ್ನು ನೋಡಿದವನೇ ನಿಂತಲ್ಲೇ ನಿಂತ.

"ಅಯ್ಯೋ ಕುಶಲಕ್ಕ, ಇದೆಂತ ಮಾಡಿದ್ರಿ! ಇವರಿಗೆಲ್ಲ ಈಗ ವ್ರತ ಅಲ್ವಾ? ನಿಮ್ಮ ಮನೆಗೆ ಬರುವ ಮೀನು ಸಾರಿಗೆ ದಿನಾ ಉಪ್ಪು ನೋಡ್ತಾ ಇರುವುದು ನಾನು! ಇವರು ಚಮಚ ಹಿಡ್ಕೊಂಡು ಅಂಗಡಿಗೆ ಬರ್ತಾರೆ ಮಾರಾಯ್ರೇ, 'ಗುಣಪಾಲ, ಒಂದು ತೊಟ್ಟು ನೋಡು' ಹೇಳಿ. ರೇಚಲ್ ಬಾಯಿಯೇ ಮೊದಲು ಬಂದದ್ದು."

ಕುಶಲಾಳ ಕೈಯಲ್ಲಿದ್ದ ಸೌಟು ಕೊಪ್ಪರಿಗೆಯೊಳಗೆ ಜಾರಿತು. ಮೊದಲ ವಾರಗಳ ಆ ಉಪ್ಪು ಹೆಚ್ಚಾದ ಸಾರು, ಉಪ್ಪಿಲ್ಲದ ಸಾರು, ಒಂದೊಂದೂ ನೆನಪಿಗೆ ಬಂತು. ತಾವು ನಾಲಿಗೆಗೆ ಮುಟ್ಟಿಸಬಾರದ್ದನ್ನು ಬರೀ ಅಂದಾಜಿನಲ್ಲಿ ಅವಳ ಗಂಡನಿಗಾಗಿ ಬೇಯಿಸಿದ್ದರು. ಆ ಮೀನನ್ನು ಬೆರಳಲ್ಲಿ ಬಿಡಿಸಿ ಬಿಡಿಸಿ ಕೊಟ್ಟು, ಕೈ ತೊಳೆದು, ಮನೆಗೆ ಹೋಗಿ ಗಂಜಿ ಉಂಡಿದ್ದರು. ಅಂಥವರಿಗೆ ಅವಳು ಉಪ್ಪು ನೋಡಿ ಹಾಕಿ ಎಂದಿದ್ದಳು. ಆ ಬುಧವಾರದ ಬೂದಿಯೂ ನೆನಪಾಯಿತು. ವ್ರತದ ಮೊದಲ ದಿನ ಪಾದ್ರಿಗಳು ಹಣೆಗೆ ಹಚ್ಚಿದ ಬೂದಿಯನ್ನು ಅವಳು ಒಲೆಯ ಕೊಳೆಯೆಂದು ಸೆರಗಲ್ಲಿ ಒರೆಸಿದ್ದಳು. ಒರೆಸಿಸಿಕೊಂಡವರು ಒಂದು ಮಾತು ಆಡಿರಲಿಲ್ಲ.

ರುಡೊಲ್ಫ್ ಕೈಯಲ್ಲಿದ್ದ ತುತ್ತನ್ನು ಇನ್ನೂ ಬಿಟ್ಟಿರಲಿಲ್ಲ.

"ಹರಕೆ ಊಟ ಅಂದ್ರೆ ಪಾಯಸ ಪಲ್ಯ ಇರ್ಬಹುದು ಅಂತ ನಾವು ಎಣಿಸಿದ್ದು. ತಪ್ಪು ನಮ್ಮದೇ, ಕೇಳ್ಬೇಕಿತ್ತು. ಪರವಾಗಿಲ್ಲ ಕುಶಲಕ್ಕ, ನಾವು ತಿನ್ತೇವೆ. ಪಾದ್ರಿಗಳ ಹತ್ರ ನಾನು ಹೇಳಿಕೊಳ್ತೇನೆ. ನೀವು ಪ್ರೀತಿಯಲ್ಲಿ ಬಡಿಸಿದ್ದನ್ನು ಬೇಡ ಹೇಳಿ ಎದ್ದು ಹೋಗ್ಲಿಕ್ಕೆ ನಮ್ಮಿಂದ ಆಗುವುದಿಲ್ಲ."

ಅವರು ತುತ್ತನ್ನು ಬಾಯಿಯ ಹತ್ತಿರ ತಂದರು. ಕುಶಲಾ ಓಡಿ ಬಂದು ಅವರ ಕೈ ಹಿಡಿದಳು. ಯಾವ ಗಂಡಸಿನ ಕೈಯನ್ನೂ ಹಾಗೆ ಹಿಡಿದವಳಲ್ಲ.

"ಬೇಡ ಪೊರ್ಬುಗಳೇ. ನಿಮ್ಮ ದಮ್ಮಯ್ಯ, ಬೇಡ. ನನಗೆ ಬೇಕಾಗಿ ನೀವು ಈ ವ್ರತವನ್ನೂ ಬಿಟ್ಟುಕೊಟ್ರೆ ನಾನು ಯಾವ ಮುಖ ಇಟ್ಕೊಂಡು ಬದುಕುವುದು? ಕೊಟ್ಟದ್ದು ಸಾಕು. ಇಷ್ಟು ಕೊಟ್ಟದ್ದು ಸಾಕು."

ಆಸ್ಪತ್ರೆಯಲ್ಲಿ ಬಾರದ ಅಳು ಈಗ ಬಂತು. ನೆಲದ ಮೇಲೆ ಕುಳಿತು ದೊಡ್ಡ ಸ್ವರದಲ್ಲಿ ಅತ್ತಳು. ರೇಚಲ್ ಬೆಂಚಿನಿಂದೆದ್ದು ಬಂದು ಅವಳ ಪಕ್ಕ ಕುಳಿತರು. ಸಮಾಧಾನದ ಮಾತೇನೂ ಹೇಳಲಿಲ್ಲ, ತಾವೂ ಅತ್ತರು. ಹೆಂಗಸರು ಎದ್ದು ಬಂದರು, ಗುಣಪಾಲ ಏನು ಮಾಡಲೂ ತೋಚದೆ ಗೇಟಿನ ಚಿಲಕವನ್ನು ಹಾಕಿ ತೆಗೆದು ಮಾಡುತ್ತಿದ್ದ.

ಅತ್ತು ಮುಗಿದ ಮೇಲೆ ಕುಶಲಾ ಸೆರಗು ಸಿಕ್ಕಿಸಿ ಎದ್ದಳು. ಒಂದೊಂದೇ ಎಲೆ ತೆಗೆದಳು. ಎರಡನೇ ಸಲ ಬಡಿಸುವ ಸಾರಿಗೆಂದು ಹಿಂಡಿಟ್ಟ ದಪ್ಪ ತೆಂಗಿನ ಹಾಲು ಒಳಗೆ ಇತ್ತು. ಅದಕ್ಕೆ ಬೆಲ್ಲ ಕರಗಿಸಿ, ಏಲಕ್ಕಿ ಗುದ್ದಿ ಹಾಕಿದಳು. ಹೊಸ ಎಲೆ, ಹೊಸ ರೊಟ್ಟಿ, ಮೇಲೆ ಬೆಲ್ಲದ ಹಾಲು. ಗುಣಪಾಲ ಕೋಳಿಯ ಕೊಪ್ಪರಿಗೆಯನ್ನು ರಿಕ್ಷಾದಲ್ಲಿಟ್ಟು ಗುರುವಪ್ಪರ ಜೊತೆಯ ಡ್ರೈವರು ಕಂಡಕ್ಟರುಗಳಿಗೆ ಕೊಡಲು ಹೋದ. ಬಡಿಸುತ್ತಾ ಬಂದವಳು ಗಂಡನ ಕುರ್ಚಿಯ ಹತ್ತಿರ ನಿಂತಳು. ಬೆಳಿಗ್ಗೆ ಅವರು ತೋರಿಸಿದ್ದು ಮಗನ ತಾರೀಕನ್ನಲ್ಲ ಎಂದು ಈಗ ಅವಳಿಗೆ ಅರ್ಥವಾಗಿತ್ತು. ಏಪ್ರಿಲ್ ಹದಿನೆಂಟು, ಕೆಂಪಕ್ಷರದ ಗುಡ್ ಫ್ರೈಡೇ.

"ನೀವು ಹೇಳ್ತಾ ಇದ್ರಿ. ನಾನೇ ಕೇಳ್ಲಿಲ್ಲ" ಎಂದಳು. ಗುರುವಪ್ಪ ಎಡಗೈಯಿಂದ ಅವಳ ಮೊಣಕೈ ಮುಟ್ಟಿದರು. ಅಂಗಳದಲ್ಲಿ ಹದಿನೆಂಟು ಮಂದಿ ಉಣ್ಣುವ ಸದ್ದು ಕೇಳಿಸುತ್ತಿತ್ತು. ರುಡೊಲ್ಫ್ ಎರಡು ಸಲ ಹಾಲು ಹಾಕಿಸಿಕೊಂಡರು.

ಮರುದಿನ ಸರದಿಯ ಪಾತ್ರೆ ಬರುವ ಮುಂಚೆಯೇ ಕುಶಲಾ ರುಡೊಲ್ಫರ ಮನೆಗೆ ಹೋದಳು. ಇನ್ನು ಮೀನು ತನ್ನ ಒಲೆಯಲ್ಲೇ ಬೇಯುತ್ತದೆ, ತನಗೆ ಈಗ ಕೈಕಾಲು ಬಂದಿದೆ ಎಂದಳು. ಇನ್ನೊಂದು ಮಾತನ್ನೂ ಹೇಳಿದಳು, ನಿಮ್ಮ ಈಸ್ಟರಿನವರೆಗೆ ನಾನೂ ಮೀನು ಮಾಂಸ ಮುಟ್ಟುವುದಿಲ್ಲ ಎಂದು. "ನಿಮಗೆ ಎಂತಕ್ಕೆ ಅದು? ನಾವು ಹೇಳ್ಲಿಲ್ಲ" ಎಂದರು ರುಡೊಲ್ಫ್ ಗಾಬರಿಯಿಂದ. "ನನ್ನ ಮನೆಗೆ ಮೀನು ತನ್ನಿ ಹೇಳಿ ನಾನೂ ನಿಮಗೆ ಹೇಳಿರ್ಲಿಲ್ಲ" ಎಂದು ಅವಳು ಬಂದುಬಿಟ್ಟಳು.

ಅಂದು ಬಂಗುಡೆ ಸಾರು. ಅಭ್ಯಾಸಬಲ, ಇಳಿಸುವಾಗ ಬೆರಳು ತಾನಾಗಿ ಸೌಟಿನ ಕಡೆಗೆ ಹೋಯಿತು. ಹಿಂದಕ್ಕೆ ತೆಗೆದಳು. ನಲವತ್ತು ವರ್ಷದ ಅಡುಗೆಯಲ್ಲಿ ರುಚಿ ನೋಡದೆ ಅವಳು ಒಂದು ಪಾತ್ರೆಯನ್ನೂ ಇಳಿಸಿದ್ದಿಲ್ಲ. ಉಪ್ಪಿನ ಭರಣಿಯ ಮುಂದೆ ಬೆರಳಲ್ಲಿ ಉಪ್ಪು ಹಿಡಿದು ಎಷ್ಟೋ ಹೊತ್ತು ನಿಂತಳು. ಸಾಕೇ? ಸಾಲದೇ? ಮೊದಲು ಹಾಕಿದ್ದೆಷ್ಟು? ಹನ್ನೊಂದು ಅಡುಗೆಕೋಣೆಗಳಲ್ಲಿ ಹನ್ನೊಂದು ಹೆಂಗಸರು ಹೀಗೆಯೇ ನಿಂತಿದ್ದರಲ್ಲ ಎಂದು ಅನಿಸಿ ಕಣ್ಣು ಮಂಜಾಯಿತು. ಇನ್ನೊಂದು ಚಿಟಿಕೆ ಹಾಕಿ ಇಳಿಸಿದಳು.

ಮುಳ್ಳು ಬಿಡಿಸಿ ಕಲಸಿ ಕೊಟ್ಟಳು. ಗುರುವಪ್ಪ ಮೊದಲ ತುತ್ತು ಬಾಯಿಗಿಟ್ಟರು. ಅವರ ಮುಖ ಹಿಂಡಿ ಹೋಯಿತು.

"ಎಂತ? ಉಪ್ಪು ಹೆಚ್ಚಾಯ್ತಾ?"

ಅವರು ಹೌದೆಂದು ತಲೆ ಕುಣಿಸಿದರು. ಕುಣಿಸುತ್ತಾ ಕುಣಿಸುತ್ತಾ ವಾಲಿದ ಬಾಯಿಯಲ್ಲೇ ನಕ್ಕರು. ಕಾಯಿಲೆ ಬಿದ್ದ ಮೇಲೆ ನಕ್ಕದ್ದು ಅದೇ ಮೊದಲು. ನಕ್ಕು, ಎಡಗೈಯಿಂದ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಎರಡನೇ ತುತ್ತಿಗೆ ಬಾಯಿ ತೆರೆದರು.

ಕುಶಲಾ ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿ ಕಂಪೌಂಡು ಗೋಡೆಯ ಹತ್ತಿರ ನಿಂತು ಕರೆದಳು.

"ರೇಚಲ್ ಬಾಯೀ! ಸಾರಿಗೆ ಉಪ್ಪು ಹೆಚ್ಚಾಗಿದೆಯಂತೆ!"

ಆ ಕಡೆ ರೇಚಲ್ ಬಟ್ಟೆ ಒಣಗಿಸುತ್ತಿದ್ದರು. ಗೋಡೆಯಾಚೆಯಿಂದ ಅವರ ಸ್ವರ ಬಂತು.

"ಇಳಿಸುವ ಮೊದಲು ಒಂದು ಸಲ ಉಪ್ಪು ನೋಡಿ ಹಾಕ್ಬಾರ್ದಾ ಮಾರಾಯ್ರೇ!"